ಬಿಳಿ ಬಿಲ್ಲೆಯ ಬಚ್ಚಲು

ಗಜೇಂದ್ರಗಡದ ಅಡತಿ ವ್ಯಾಪಾರಿ ಗುರುಸಂಗಪ್ಪನ ಮನೆಯಲ್ಲಿ ಬಚ್ಚಲ ಗೋಡೆಗೆ ಪಿಂಗಾಣಿಯ ಬಿಳಿ ಬಿಲ್ಲೆ ಹಚ್ಚಿಸುವ ಮಾತು ಎದ್ದದ್ದು ಐವತ್ತೈದನೆಯ ಇಸವಿಯ ಮಹಾನವಮಿಯ ಮುಂದೆ. ಎಬ್ಬಿಸಿದವನು ಕಿರಿಯ ಮಗ ದ್ಯಾಮಪ್ಪ. ಅರಳೆ ಮಾರಲು ಹುಬ್ಬಳ್ಳಿಗೆ ಹೋದವನು ಅಲ್ಲಿ ಯಾರೋ ಗಿರಣಿ ಮಾಲೀಕರ ಬಂಗಲೆಯಲ್ಲಿ ಜಳಕ ಮಾಡಿ ಬಂದಿದ್ದ. ಬಂದ ಗಳಿಗೆಯಿಂದ ಅವನ ಬಾಯಲ್ಲಿ ಅದೇ ಮಾತು.

“ಗ್ವಾಡ್ಯಾಗ ಮಾರಿ ಕಾಣತೈತಿ ವೈನಿ. ಬೆರಳ ಹಚ್ಚಿ ಎಳದ್ರ ಕಿರ್ ಅಂತೈತಿ. ನಮ್ಮ ಬಚ್ಚಲಾಗ ಬೆರಳ ಹಚ್ಚಿದ್ರ ಮಣ್ಣ ಕೈಗೆ ಬರತೈತಿ.”

ಹಿರಿಯ ಸೊಸೆ ಗೌರವ್ವ ರೊಟ್ಟಿ ಬಡಿಯುತ್ತ ಕೇಳಿಸಿಕೊಂಡಳು. ಅವಳು ಈ ಮನೆಗೆ ಬಂದಾಗ ದ್ಯಾಮಪ್ಪನಿಗೆ ಹತ್ತು ವರ್ಷ. ಅತ್ತೆ ಸತ್ತ ಮೇಲೆ ಕೀಲಿಕೈ ಗೊಂಚಲು ಅವಳ ಸೊಂಟಕ್ಕೆ ಬಂದಿತ್ತು, ಅದರ ಜೊತೆಗೆ ಬಚ್ಚಲು ಬಳಿಯುವ ಕೆಲಸವೂ. ಹಸಿ ಇಟ್ಟಂಗಿಯ ಗೋಡೆ, ಮಣ್ಣು ಸಗಣಿಯ ಮೆತ್ತಿಗೆ. ಎಂಟು ದಿನಕ್ಕೊಮ್ಮೆ ಬಳಿದರೂ ಮೂಲೆಗೆ ಹಾವಸೆ, ಹಂಡೆಯ ಹಿಂದೆ ಜಿರಳೆ. ಬಿಳಿ ಬಿಲ್ಲೆ ಬಂದರೆ ಒಂದು ಅರಿವೆಯಿಂದ ಒರೆಸಿದರೆ ಮುಗಿಯಿತು ಎಂದು ಅವಳಿಗೂ ಆಸೆ ಹುಟ್ಟಿತು.

ದ್ಯಾಮಪ್ಪನ ಹೆಂಡತಿ ನೀಲವ್ವನಿಗಂತೂ ಆಸೆ ಹಟವಾಗಿತ್ತು. ಅವಳ ತವರು ನರಗುಂದ, ತಂದೆ ವಕೀಲ. ದೀಪಾವಳಿಗೆ ಅವರು ಮಗಳ ಮನೆಗೆ ಬರುವುದಿತ್ತು.

“ನಮ್ಮಪ್ಪ ಇಲ್ಲಿ ಮೈ ತೊಳಕೊಂಡು ಹೊರಗ ಬಂದ್ರ ಬೆನ್ನಿಗೆ ಕೆಮ್ಮಣ್ಣ ಹತ್ತಿರತೈತಿ. ನನಗ ನಾಚಿಕಿ ಬರತೈತ್ರಿ ಅಕ್ಕಾ,” ಎಂದಳು.

ಮುಂಬಯಿಯಿಂದ ಬಂದ ಬಿಲ್ಲೆಗಳು ಹುಬ್ಬಳ್ಳಿಯಲ್ಲಿ ಸಿಕ್ಕವು. ಹುಲ್ಲಿನಲ್ಲಿ ಸುತ್ತಿದ ಪೆಟ್ಟಿಗೆಗಳು ಬಂದು ಪಡಸಾಲೆಯಲ್ಲಿ ಕುಳಿತವು. ಸಿಮೆಂಟಿಗೆ ಆಗ ಪರವಾನಗಿ ಬೇಕು. ದ್ಯಾಮಪ್ಪ ರೋಣಕ್ಕೆ ನಾಲ್ಕು ಸಲ ಅಲೆದು ಅದನ್ನೂ ತಂದ. ಊರಿನ ಹಳೆಯ ಗೌಂಡಿ ಅಲ್ಲಾವುದ್ದೀನನನ್ನು ಕರೆಸಿದರು. ಅವನು ಒಂದು ಬಿಲ್ಲೆ ಎತ್ತಿ ಬೆಳಕಿಗೆ ಹಿಡಿದು ನೋಡಿದ. ಆಮೇಲೆ ಬಚ್ಚಲಿಗೆ ಹೋಗಿ ಒಂದು ಚರಿಗೆ ನೀರನ್ನು ಗೋಡೆಗೆ ಎರಚಿದ. ನೀರು ಕೆಳಗೆ ಇಳಿಯಲೇ ಇಲ್ಲ. ಗೋಡೆ ಅದನ್ನು ಅಲ್ಲಲ್ಲೇ ಹೀರಿಕೊಂಡಿತು.

“ಬಿಲ್ಲಿ ಚಲೋ ಅದಾವ್ರಿ ಸಾವ್ಕಾರ್ರ. ಬಿಲ್ಲಿ ನೀರ ಕುಡಿಯಂಗಿಲ್ಲ. ಆದ್ರ ಎರಡು ಬಿಲ್ಲಿ ನಡುವಿನ ಸಂದಿ ಕುಡಿತೈತಿ. ಸಂದಿ ಕುಡದದ್ದು ಬೆನ್ನಿಗೆ ಹೋಗತೈತಿ. ಬೆನ್ನಿಗೆ ಇಲ್ಲೇನೈತಿ ನೋಡ್ರಿ, ಬರೇ ಮಣ್ಣು.”

“ಮತ್ತೇನ ಮಾಡಬೇಕಂತಿ?” ಗುರುಸಂಗಪ್ಪ ಕೇಳಿದ.

“ಎದಿಮಟ ಕೆಡವಬೇಕ್ರಿ. ಕಲ್ಲಿಲೆ ಏರಿಸಿ, ಒಳಮಗ್ಗಲಿಗೆ ಶಾಬಾದಿ ಫರಸಿ ನಿಂದರಸಬೇಕು. ಅದರ ಸಂದಿಗೆ, ಮ್ಯಾಲ ಮೈಗೆ, ಗಾಣದಾಗ ಅರದ ಸುಣ್ಣದ ಗಚ್ಚು. ಬೆಲ್ಲದ ನೀರ ಹಾಕಿ ಅರದದ್ದು, ಎರಡು ಕೈ. ಇಪ್ಪತ್ತೊಂದ ದಿನ ಗೋಣಿತಟ್ಟ ಹೊಚ್ಚಿ ಹಸಿ ಇಡಬೇಕು. ಆಮ್ಯಾಲ ಬಿಲ್ಲಿ.”

“ದೀಪಾವಳಿಗೆ ಇರೂದ ತಿಂಗಳೊಪ್ಪತ್ತು,” ದ್ಯಾಮಪ್ಪ ನಕ್ಕ. “ಗ್ವಾಡಿಗೆ ಡಾಂಬರ ಬಳದು ಮ್ಯಾಲ ಸಿಮೆಂಟ ಹಚ್ಚಿ ಬಿಲ್ಲಿ ಕುಂದರಸು. ಡಾಂಬರದಾಗ ನೀರ ಹೋಗತೈತೇನು? ಹಡಗಿಗೇ ಬಳೀತಾರದನ್ನ.”

“ಹಡಗ ಕಟಗೀದ್ರಿ ಸಣ್ಣ ಸಾವ್ಕಾರ್ರ. ಮಣ್ಣ ಉಬ್ಬಿದ್ರ ಡಾಂಬರ ಚಕ್ಕಳ ಸುಲದಂಗ ಸುಲಿತೈತಿ.”

“ಗೋಣಿತಟ್ಟ ಬಡದು ಅದರ ಮ್ಯಾಲ ಡಾಂಬರ ಹಾಕಿದ್ರ?”

“ತಟ್ಟ ಕೊಳಿತೈತಿ.”

ಗೌರವ್ವ ಬಾಗಿಲಲ್ಲಿ ನಿಂತಿದ್ದಳು. ಅವಳಿಗೆ ಗೌಂಡಿಯ ಮಾತು ಸರಿಯೆಂದೇ ಕಂಡಿತ್ತು. ಆದರೆ ಗೋಡೆ ಕೆಡವಿದರೆ ಒಂದೂವರೆ ತಿಂಗಳು ಮನೆಯ ಹೆಂಗಸರೆಲ್ಲ ಹಿತ್ತಲಲ್ಲಿ ತಡಿಕೆ ಕಟ್ಟಿಕೊಂಡು ಮೈ ತೊಳೆಯಬೇಕು, ಮಣ್ಣು ಹೊರಬೇಕು, ಗೌಂಡಿಗಳಿಗೆ ಎರಡು ಹೊತ್ತು ಬೇಯಿಸಿ ಹಾಕಬೇಕು.

“ಆ ಗ್ವಾಡಿ ಬೆನ್ನಿಗೆ ಕಲ್ಲವ್ವತ್ತಿ ಕೋಣಿ ಐತ್ರಿ ಮಾವಾರ,” ಎಂದಳು. “ಕೆಡವಿದ್ರ ಅವರನ್ನ ಎಲ್ಲಿ ಮಲಗಸೂದು?”

ಅಕ್ಕನ ಹೆಸರು ಬಂದದ್ದೇ ಗುರುಸಂಗಪ್ಪನಿಗೆ ಅಷ್ಟು ನೆವ ಸಾಕಾಯಿತು. “ಹಬ್ಬದೊಳಗ ಆಗೂವಂಗ ಮಾಡು,” ಎಂದ. ಅಲ್ಲಾವುದ್ದೀನ ಕರಣಿಯನ್ನು ಚೀಲಕ್ಕೆ ಹಾಕಿಕೊಂಡು ಎದ್ದ.

“ನನ್ನ ಕೈಲೆ ಆಗೂದಿಲ್ರಿ. ನಾಳೆ ಬಿಚ್ಚಿ ಬಿದ್ರ ಹೆಸರ ಹೇಳೂದ ನಂದು.”

ದ್ಯಾಮಪ್ಪ ರೋಣದಿಂದ ಬೇರೆ ಗೌಂಡಿಯನ್ನು ತಂದ. ಹನ್ನೆರಡು ದಿನಗಳಲ್ಲಿ ಡಾಂಬರು, ಸಿಮೆಂಟು, ಬಿಲ್ಲೆ ಎಲ್ಲ ಆಯಿತು. ನೀರು ತುಂಬುವ ಹಬ್ಬದ ದಿನ ಹಂಡೆಗೆ ಸುಣ್ಣ ಕೆಮ್ಮಣ್ಣು ಬಳಿದು ಮಾಲಿಂಗನ ಬಳ್ಳಿ ಸುತ್ತಿ ಒಲೆಗೆ ಏರಿಸಿದರು. ಮರುದಿನ ಮುಂಜಾನೆ ನರಗುಂದದ ವಕೀಲರು ಎಣ್ಣೆ ಹಚ್ಚಿಸಿಕೊಂಡು ಒಳಗೆ ಹೋದವರು ಅರ್ಧ ತಾಸು ಹೊರಗೇ ಬರಲಿಲ್ಲ. ಬಂದವರು, “ಬೀಗರ, ಇಂಥಾ ಬಚ್ಚಲ ನಮ್ಮ ನರಗುಂದದಾಗ ಇಲ್ಲ ಬಿಡ್ರಿ,” ಎಂದರು. ನೀಲವ್ವ ಸೆರಗಿನ ಮರೆಯಲ್ಲಿ ನಕ್ಕಳು. ಗೌರವ್ವನಿಗೂ ಹೆಮ್ಮೆಯಾಯಿತು. ನೆರೆಹೊರೆಯ ಹೆಂಗಸರು ಬಂದು ಗೋಡೆ ಸವರಿ ನೋಡಿಹೋದರು.

ಕಲ್ಲವ್ವ ಮಾತ್ರ ಎಲ್ಲರ ಜಳಕ ಮುಗಿದ ಮೇಲೆ, ಉಳಿದ ಬೆಚ್ಚಗಿನ ನೀರಿನಲ್ಲಿ ಮೈ ತೊಳೆದು ಬಂದಳು. ಅವಳು ಗುರುಸಂಗಪ್ಪನ ಅಕ್ಕ, ಎಪ್ಪತ್ತರ ಮೇಲಿನ ಮುದುಕಿ. ಸವಡಿಗೆ ಕೊಟ್ಟಿದ್ದರು, ಹದಿನಾಲ್ಕಕ್ಕೆ ಗಂಡ ಸತ್ತು ಒಂದು ಬಿದಿರಿನ ಪೆಟಾರಿ ಹೊತ್ತುಕೊಂಡು ತವರಿಗೆ ಬಂದವಳು ಮತ್ತೆ ಹೊಸ್ತಿಲು ದಾಟಲಿಲ್ಲ. ತಮ್ಮನನ್ನು, ತಮ್ಮನ ಮಕ್ಕಳನ್ನು ಎತ್ತಿ ಆಡಿಸಿದವಳು. ಏಳು ವರ್ಷದವರೆಗೆ ದ್ಯಾಮಪ್ಪ ಮಲಗಿದ್ದು ಅವಳ ತೋಳಿನ ಮೇಲೆಯೇ.

ಹಬ್ಬವಾಗಿ ಇಪ್ಪತ್ತು ದಿನಕ್ಕೆ ಅವಳು ಅಡಿಗೆಮನೆಯ ಬಾಗಿಲಿಗೆ ಬಂದು ನಿಂತಳು.

“ಗೌರಾ, ನನ್ನ ಹಾಸಗಿ ಹಸಿ ಆಗೈತಿ ನೋಡ ಬಾರವಾ.”

ಗೌರವ್ವ ಹೋಗಿ ಕೌದಿಯನ್ನು ಮುಟ್ಟಿದಳು. ಕೆಳಮಗ್ಗುಲು ತೊಪ್ಪೆಯಾಗಿತ್ತು. ಕೈ ಮೂಗಿನ ಹತ್ತಿರ ಒಯ್ದು ತಟ್ಟನೆ ಇಳಿಸಿದಳು. ಉಚ್ಚೆಯ ನಾತ.

“ಇರ್ಲಿ ಬಿಡ್ರಿ ಅತ್ತಿ. ವಯಸ್ಸಾತು. ಒಗದ ಹಾಕತೇನಿ.”

ಕಲ್ಲವ್ವನ ಮುಖ ಕೆಂಪಾಯಿತು. “ಏನ ವಯಸ್ಸಾತು? ಇದು ನಂದಲ್ಲವಾ. ನನಗ ತಿಳಿಯೂದಿಲ್ಲೇನು?”

“ಆತ್ರಿ,” ಎಂದಳು ಗೌರವ್ವ, ಕೂಸಿಗೆ ಹೇಳುವ ಹಾಗೆ.

ಮರುದಿನವೂ ಹಸಿ. ಅದರ ಮರುದಿನವೂ. ಕೋಣೆಗೆ ಕಿಟಕಿ ಇರಲಿಲ್ಲ. ಬಚ್ಚಲ ಕಡೆಯ ಗೋಡೆಗೆ ಆನಿಸಿ ಪೆಟಾರಿ, ಅದರ ಮೇಲೆ ಮನೆಯ ಹೆಚ್ಚಿನ ಕೌದಿ, ಗುಡಾರದ ಹಾಸುಗಳ ಒಟ್ಟಿಲು ಆಳೆತ್ತರ ಕುಳಿತಿತ್ತು. ಅದರ ಬುಡದಲ್ಲಿ ಮುದುಕಿಯ ಚಾಪೆ. ಆ ಕತ್ತಲಲ್ಲಿ ಚಾಪೆಯ ಮೇಲಿನ ಹಸಿ ಕಂಡಿತೇ ಹೊರತು ಚಾಪೆಯ ಆಚೆ ಏನಿದೆ ಎಂದು ಯಾರೂ ನೋಡಲಿಲ್ಲ.

ಗೌರವ್ವ ದಿನವೂ ಕೌದಿ ಒಗೆದಳು. ಆರು ಪದರಿನ ಹಳೆಯ ಸೀರೆಗಳ ಕೌದಿ, ನೀರು ಕುಡಿದರೆ ಸತ್ತ ಕರುವಿನಷ್ಟು ಭಾರ. ಕಲ್ಲಿನ ಮೇಲೆ ಬಡಿದರೆ ಹಳದಿ ನೀರು ಮುಖಕ್ಕೆ ಸಿಡಿಯುತ್ತಿತ್ತು. ಸೀಗೆ, ಸೋಡಾ, ಬೂದಿ ಏನು ಹಾಕಿದರೂ ನಾತ ಹೋಗುತ್ತಿರಲಿಲ್ಲ. ಊಟಕ್ಕೆ ಕುಳಿತು ರೊಟ್ಟಿ ಮುರಿದರೆ ಬೆರಳ ಸಂದಿಯಿಂದ ಅದೇ ವಾಸನೆ ಏಳುತ್ತಿತ್ತು. ಎರಡು ಸಲ ಅವಳು ತುತ್ತು ಬಾಯಿಗಿಟ್ಟು ಹಿತ್ತಲಿಗೆ ಓಡಿದಳು.

“ಕೂಸುಗಳದ್ದು ತೊಳದೇನಿ, ನಿಮ್ಮವ್ವ ಸಾಯೂವಾಗ ಅವರದ್ದೂ ತೊಳದೇನಿ,” ಎಂದು ಗಂಡ ಕಳಕಪ್ಪನ ಮುಂದೆ ಅತ್ತಳು. “ಇದು ನನ್ನ ಕೈಲೆ ಆಗವಲ್ದು.”

ಕಳಕಪ್ಪ ಅಂಗಡಿಯ ಮನುಷ್ಯ, ಮನೆಯ ಮಾತಿಗೆ ಬಾಯಿ ಹಾಕದವನು. “ಒಂದ ಆಳ ಇಡೋಣಂತ,” ಎಂದು ಟೋಪಿ ಹಾಕಿಕೊಂಡು ಹೋದ. ಆಳು ಬಂದವಳು ಎರಡನೆಯ ದಿನಕ್ಕೆ ಕೌದಿಯನ್ನು ಕೋಲಿನಿಂದ ಎತ್ತಿದಳು, ಮೂರನೆಯ ದಿನಕ್ಕೆ ಬರಲೇ ಇಲ್ಲ.

ನೀಲವ್ವ ಆ ಕೋಣೆಯ ಮುಂದೆ ಹಾಯುವಾಗ ಸೆರಗನ್ನು ಮೂಗಿಗೆ ಹಿಡಿಯತೊಡಗಿದಳು. ಮುದುಕಿಯ ಊಟದ ಗಂಗಾಳ ಉಳಿದ ಗಂಗಾಳಗಳ ಸಾಲಿನಿಂದ ಬೇರೆಯಾಗಿ ಕಟ್ಟಿಗೆಯ ಗೂಡಿಗೆ ಹೋಯಿತು. ಯಾರು ಇಟ್ಟರೆಂದು ಯಾರೂ ಕೇಳಲಿಲ್ಲ. ಊಟಕ್ಕೆ ಎಲ್ಲರೂ ಎದ್ದ ಮೇಲೆ ಅವಳನ್ನು ಕರೆಯುವುದು ರೂಢಿಯಾಯಿತು.

“ಇಟಗಿ ಭೀಮವ್ವಗ ಹರಕಿ ಹೊರೂನ್ರಿ ಅಕ್ಕಾ,” ನೀಲವ್ವ ಹೇಳಿದಳು. “ಇಲ್ಲಾಂದ್ರ ದವಾಖಾನಿಗರೆ ಒಯ್ಯೂನು.”

“ನನಗೇನಾಗೈತಿ ದವಾಖಾನಿಗೆ ಒಯ್ಯಾಕ?” ಒಳಗಿನಿಂದ ಕಲ್ಲವ್ವನ ದನಿ ಬಂತು. “ನಾ ಎದ್ದು ಹೊರಗ ಹೋಗಿ ಬರತೇನಿ. ಚಂದ್ರನ ಬೆಳಕಿಲ್ದಿದ್ರ ಗ್ವಾಡಿ ಹಿಡದು ಹೋಗತೇನಿ. ನಂದಲ್ಲ ಅಂದ್ರ ನಂದಲ್ಲ.”

“ಮತ್ತ ಯಾರದ್ರಿ ಅದು? ನಂದೇನು?” ಗೌರವ್ವನಿಗೆ ಆ ಹೊತ್ತು ಏನಾಯಿತೋ. ಕೈಯಲ್ಲಿ ಹಿಂಡಿದ ಕೌದಿ, ಸೊಂಟದಲ್ಲಿ ನೋವು. “ಕೂಸರೆ ಹಸಿ ಆತಂದ್ರ ಅಳತೈತಿ. ನೀವು ಕೂಸಿಗಿಂತ ಕಡಿ ಆದ್ರಿ. ಮ್ಯಾಲ ಸುಳ್ಳ ಬ್ಯಾರೆ.”

ಆ ದಿನದಿಂದ ಕಲ್ಲವ್ವ “ನಂದಲ್ಲ” ಎನ್ನುವುದನ್ನೇ ಬಿಟ್ಟಳು. ಮುಂಜಾನೆ ಗೌರವ್ವ ಬಂದಾಗ ತಾನೇ ಕೌದಿ ಮಡಚಿಟ್ಟುಕೊಂಡು ಗೋಡೆಗೆ ಮುಖ ಮಾಡಿ ಕೂತಿರುತ್ತಿದ್ದಳು. ಲಿಂಗಪೂಜೆಗೆ ಮೊದಲು ಎರಡೆರಡು ಸಲ ಕೈ ತೊಳೆಯುತ್ತಿದ್ದಳು. ರೊಟ್ಟಿ ತಿನ್ನುವಳು, ಪಕ್ಕದ ನೀರನ್ನು ಮುಟ್ಟುತ್ತಿರಲಿಲ್ಲ.

“ನೀರ್ಯಾಕ ಬಿಟ್ರಿ?”

“ಸಾಕವಾ. ಕುಡದ್ರ ಮತ್ತ ನಿನಗ ತ್ರಾಸು.”

ಗೌರವ್ವ ಗಂಗಾಳ ಎತ್ತಿಕೊಂಡು ಬಂದಳು. ಒಳ್ಳೆಯದೇ ಆಯಿತೆಂದು ಆಗ ಅನಿಸಿತು ಅವಳಿಗೆ. ನೀರು ಬಿಟ್ಟು ನಾಲ್ಕು ದಿನವಾದರೂ ಹಾಸಿಗೆ ಮೊದಲಿನಷ್ಟೇ ಹಸಿಯಾಗುತ್ತಿತ್ತು. ಅದನ್ನು ಒಗೆಯುವವಳು ತಾನೇ ಆಗಿದ್ದರೂ ಅವಳಿಗೆ ಅದು ಹೊಳೆಯಲಿಲ್ಲ.

ಛಟ್ಟಿ ಹಬ್ಬದ ಮರುದಿನ ಊಟಕ್ಕೆ ಕುಳಿತಾಗ ದ್ಯಾಮಪ್ಪ ರೊಟ್ಟಿ ಸರಿಸಿದ.

“ಅಪ್ಪಾ, ಪಡಸಾಲಿಮಟ ನಾರಾಕತ್ತೈತಿ. ನಿನ್ನೆ ಶಿರೋಳದಿಂದ ಬಂದ ರೈತರು ಮೂಗ ಮುಚಗೊಂಡು ಕುಂತಿದ್ರು. ಅತ್ತೀನ್ನ ದನದ ಮನಿ ಬಾಜೂಕ ಹೊಟ್ಟಿನ ಕೋಣ್ಯಾಗ ಇಡೂನು. ಬೆಚ್ಚಗಿರತೈತಿ.”

“ಸಾವ್ಕಾರನ ಅಕ್ಕ ದನದ ಮನ್ಯಾಗ?” ಕಳಕಪ್ಪ ಅಂದ.

“ಮತ್ತ ನಿನ್ನ ಕೋಣ್ಯಾಗ ಇಟಗೋ ಅಣ್ಣಾ.”

ಕಳಕಪ್ಪ ತಲೆ ತಗ್ಗಿಸಿ ಸಾರು ಕಲಸಿಕೊಂಡ. ಗುರುಸಂಗಪ್ಪ ಗಂಗಾಳ ಸರಿಸಿ, “ಗೌರವ್ವಾ, ಮೆತ್ತಗ ಹೇಳವಾ ಅಕ್ಕಗ,” ಎಂದು ಕೈ ತೊಳೆದ. ತಾನು ಹೇಳಲಿಲ್ಲ.

ಗೌರವ್ವ ಹೇಳಿದಳು. ಕಲ್ಲವ್ವ ಒಂದು ಕೌದಿ, ಒಂದು ಚರಿಗೆ ತೆಗೆದುಕೊಂಡು ಎದ್ದಳು. ಮೆಟ್ಟಿಲು ಇಳಿಯುವಾಗ ಕಾಲು ತಡವರಿಸಿತು; ಗೌರವ್ವ ಹಿಡಿಯಲು ಹೋದರೆ, “ಮುಟಬ್ಯಾಡ, ಮತ್ತ ನೀ ಮೈ ತೊಳಕೋಬೇಕಾಗತೈತಿ,” ಎಂದಳು.

ಹೊಟ್ಟಿನ ಕೋಣೆಯಲ್ಲಿ ಮೊದಲ ಮುಂಜಾನೆ ಹಾಸಿಗೆ ಒಣಗಿತ್ತು. ಎರಡನೆಯ ಮುಂಜಾನೆಯೂ.

“ಎಮ್ಮಿಗೆ ಅಂಜಿ ನಿಂತಿರಬೇಕು,” ಎಂದು ನೀಲವ್ವ ನಕ್ಕಳು. ಗೌರವ್ವನೂ ನಕ್ಕಳು. ಮೂರನೆಯ, ನಾಲ್ಕನೆಯ ದಿನಕ್ಕೆ ನಗು ಬರಲಿಲ್ಲ. ಅಂಬಲಿ ಒಯ್ದಾಗ ಕೌದಿಯನ್ನು ಕೆಳಗೆ ಮೇಲೆ ಮುಟ್ಟಿ ನೋಡುತ್ತಿದ್ದಳು, ಮೂಸಿ ನೋಡುತ್ತಿದ್ದಳು. ಬರೀ ಹೊಟ್ಟಿನ ವಾಸನೆ. ಮುದುಕಿ ಮಾತ್ರ ದಿನದಿಂದ ದಿನಕ್ಕೆ ಒಣಗುತ್ತಿದ್ದಳು. ತುಟಿ ಬಿರಿದಿದ್ದವು, ನಾಲಗೆ ದಪ್ಪಗಾಗಿ ಮಾತು ತೊದಲುತ್ತಿತ್ತು.

ಐದನೆಯ ದಿನ ಮಧ್ಯಾಹ್ನ, ಉಳ್ಳಾಗಡ್ಡಿ ಹರವಲು ಜಾಗ ಬೇಕೆಂದು ಗೌರವ್ವ ಕಲ್ಲವ್ವನ ಹಳೆಯ ಕೋಣೆಯನ್ನು ಸಾರಿಸಹೋದಳು. ಒಳಗೆ ಕಾಲಿಟ್ಟವಳ ಪಾದ ಪಚಕ್ಕೆಂದಿತು.

ಐದು ದಿನದಿಂದ ಯಾರೂ ಮಲಗದ ನೆಲ. ನಾತ ಹೊಸದಾಗಿತ್ತು, ಅಂದಿನ ಮುಂಜಾನೆಯದು.

ಅವಳು ದೀಪ ಹಚ್ಚಿ ತಂದಳು. ಕೌದಿಗಳ ಒಟ್ಟಿಲನ್ನು ಒಂದೊಂದೇ ಎಳೆದಳು. ಮೇಲಿನವು ಒಣಗಿದ್ದವು, ನಡುವಿನವು ತಣ್ಣಗಿದ್ದವು. ಕೆಳಗಿನ ನಾಲ್ಕು ಕೈ ಹಾಕಿದಲ್ಲಿ ಹರಿದು ಬಂದವು, ಕೊಳೆತ ಬಾಳೆಲೆಯ ಹಾಗೆ. ಪೆಟಾರಿ ಎತ್ತಿದರೆ ತಳ ಅಲ್ಲೇ ಉಳಿಯಿತು. ಅದರೊಳಗೆ ಮುದುಕಿಯ ಮದುವೆಯ ಇಳಕಲ್ ಸೀರೆ ಬೂಸು ಹಿಡಿದು ಬೆಕ್ಕಿನ ಮೈಯಂತೆ ನವಿರೆದ್ದಿತ್ತು. ಹಿಂದಿನ ಗೋಡೆ ಬಸುರಿಯ ಹೊಟ್ಟೆಯಂತೆ ಉಬ್ಬಿತ್ತು. ಮೈತುಂಬ ಬೆವರಿನ ಹನಿ. ಬುಡದ ಸಂದಿಯಲ್ಲಿ ಬೆರಳುದ್ದದ ಬಿಳಿ ಹುಳುಗಳು ಒಂದರ ಮೇಲೊಂದು ಹೊರಳುತ್ತಿದ್ದವು. ಅಲ್ಲಿಂದ ನೀರು ಸದ್ದಿಲ್ಲದೆ ಜಿನುಗಿ, ಮುದುಕಿಯ ಚಾಪೆ ಇದ್ದ ಕಡೆಗೆ ನೆಲದ ಇಳಿಜಾರಿನಲ್ಲಿ ಹರಿದಿತ್ತು.

ಗೌರವ್ವ ಅಲ್ಲೇ ನಿಂತಳು. ಆಚೆ ಬಚ್ಚಲಲ್ಲಿ ಯಾರೋ ಹೋದ ಸದ್ದು. ಬಾಗಿಲು ಹಾಕಿಕೊಂಡರು, ಉಚ್ಚೆ ಹೊಯ್ದರು, ಒಂದು ಚರಿಗೆ ನೀರು ಚೆಲ್ಲಿ ಹೊರಬಿದ್ದರು. ಹಿತ್ತಲವರೆಗೆ ಹೋಗಲು ಬೇಸರವಾದಾಗ ಮನೆಯಲ್ಲಿ ಎಲ್ಲರೂ ಹಾಗೆಯೇ. ಮಾವ, ಗಂಡ, ಮೈದುನ, ನೀಲವ್ವ, ಮಕ್ಕಳು, ತಾನು. ಹದಿನೈದು ದಿನ ತಾನು ಬಡಿದು ಬಡಿದು ಒಗೆದದ್ದು, ಮುಖಕ್ಕೆ ಸಿಡಿಸಿಕೊಂಡದ್ದು, ಬೆರಳ ಸಂದಿಯಲ್ಲಿ ಹೊತ್ತುಕೊಂಡು ಉಂಡದ್ದು ಇವರೆಲ್ಲರದು. ತನ್ನದೂ ಇತ್ತು ಅದರಲ್ಲಿ. ಕಲ್ಲವ್ವನದು ಮಾತ್ರ ಇರಲಿಲ್ಲ. ಅವಳು ಕತ್ತಲಲ್ಲಿ ಗೋಡೆ ಹಿಡಿದು ಹಿತ್ತಲಿಗೇ ಹೋಗುತ್ತಿದ್ದಳು.

ಹೊಸ್ತಿಲ ಮೇಲೆ ಕೂತು ಗೌರವ್ವ ವಾಂತಿ ಮಾಡಿಕೊಂಡಳು. ಬಾಯಿ ಮುಕ್ಕಳಿಸಿ, ಸೆರಗು ಸಿಕ್ಕಿಸಿ, ಅಲ್ಲಾವುದ್ದೀನನ ಮನೆಗೆ ತಾನೇ ನಡೆದು ಹೋದಳು. ಸಾಹುಕಾರರ ಹಿರಿ ಸೊಸೆ ಹಾಡೇ ಹಗಲು ಗೌಂಡಿಯ ಬಾಗಿಲಿಗೆ ಹೋದದ್ದನ್ನು ಓಣಿಯೆಲ್ಲ ನೋಡಿತು.

ಸಂಜೆ ಅಂಗಡಿ ಮುಚ್ಚಿ ಗಂಡಸರು ಬರುವ ಹೊತ್ತಿಗೆ ಅವಳು ಎಲ್ಲರನ್ನೂ ಬಚ್ಚಲ ಬಾಗಿಲಿಗೆ ಕರೆದಳು.

“ಮುದುಕಿ ಅಷ್ಟ ದಿನ ಮಾಡಿದ್ದು ಆರಿರಾಕಿಲ್ಲ ವೈನಿ, ಅದಕ್ಕ ಹಸಿ ಐತಿ,” ದ್ಯಾಮಪ್ಪ ಹೇಳುತ್ತಿದ್ದ. “ನಮ್ಮ ಬಿಲ್ಲಿ ನೋಡ್ರಿ, ಒಂದರೆ ಸೀಳೈತೇನು?”

ಅಲ್ಲಾವುದ್ದೀನ ಬೆರಳ ಗೆಣ್ಣಿನಿಂದ ಬಿಲ್ಲೆಗಳನ್ನು ಬಡಿಯುತ್ತ ಬಂದ. ಮೇಲಿನವು ಟಕ್ ಟಕ್ ಅಂದವು. ಮೊಳಕಾಲಿನ ಮಟ್ಟದಲ್ಲಿ ಸದ್ದು ಬದಲಾಗಿ ಖಾಲಿ ಗಡಿಗೆಯಂತಾಯಿತು. ಅಲ್ಲಿ ಕರಣಿಯ ತುದಿ ಇಟ್ಟು ಒಂದು ಸಲ ಮೀಟಿದ. ಒಂದಲ್ಲ, ಹನ್ನೊಂದು ಬಿಲ್ಲೆಗಳು ಒಟ್ಟಿಗೆ ಹಾಳೆಯಂತೆ ಬಾಗಿ ನೆಲಕ್ಕೆ ಬಿದ್ದವು. ಹಿಂದೆ ಡಾಂಬರು ಸುಲಿದ ಚಕ್ಕಳದಂತೆ ಜೋತಾಡುತ್ತಿತ್ತು. ಅದರ ಹಿಂದಿನಿಂದ, ಗೋಡೆ ಇರಬೇಕಾದ ಜಾಗದಿಂದ, ಕರೀ ಅಂಬಲಿಯಂಥ ಮಣ್ಣು ಬಳಬಳನೆ ಇಳಿದು ದ್ಯಾಮಪ್ಪನ ಕಾಲ ಮೇಲೆ ಬಂತು. ಅದರಲ್ಲೂ ಹುಳುಗಳಿದ್ದವು. ಆ ನಾತಕ್ಕೆ ನೀಲವ್ವ ಮೂಗು ಮುಚ್ಚಿಕೊಂಡು ಗೋಡೆಗೆ ಒರಗಿದಳು, ಕೂಡಲೇ ಗೋಡೆ ಬಿಟ್ಟು ಸರಿದಳು.

“ಮಣ್ಣಿನ ಗ್ವಾಡಿ ಹಿಂದೂ ನೀರ ಕುಡೀತಿತ್ರಿ,” ಅಲ್ಲಾವುದ್ದೀನ ಹೇಳಿದ. “ಕುಡದದ್ದನ್ನ ಗಾಳಿಗೆ ಇದ ಕಡೆ ಉಗುಳತಿತ್ತು. ನೀವು ಈ ಕಡೆ ಬಾಯಿ ಮುಚ್ಚೀರಿ. ಪಾಪ, ಅದು ಆ ಕಡೆ ಉಗುಳೇತಿ.”

ಗುರುಸಂಗಪ್ಪ ತೆರೆದ ಗೋಡೆಯನ್ನು ನೋಡಿದ, ಅದರಾಚೆ ಕಾಣುತ್ತಿದ್ದ ಅಕ್ಕನ ಕೋಣೆಯನ್ನು ನೋಡಿದ. “ಶಿವಾ,” ಎಂದ. ಆಮೇಲೆ ದನದ ಮನೆಯ ಕಡೆ ನಡೆದ. ಹಿಂದೆ ಎಲ್ಲರೂ ಹೋದರು.

ಕಲ್ಲವ್ವ ಹೊಟ್ಟಿನ ಕೋಣೆಯಲ್ಲಿ ಕೌದಿಯ ಮೇಲೆ ಕೂತಿದ್ದಳು. ತಮ್ಮ ಎಲ್ಲವನ್ನೂ ಹೇಳಿ ಮುಗಿಸಿದ.

“ಏಳಕ್ಕಾ, ಒಳಗ ನಡಿ. ನಡುಮನ್ಯಾಗ ಹಾಸತಾರ.”

“ಇಲ್ಲೇ ಚಲೋ ಐತಿ ತಮ್ಮಾ. ಎಮ್ಮಿ ಉಚ್ಚಿ ಹೊಯ್ದ್ರ ಇಲ್ಲಿ ಎಮ್ಮೀದ ಅಂತಾರ. ನಂದ ಅನ್ನೂದಿಲ್ಲ.”

ಕಳಕಪ್ಪ ಕೆಮ್ಮಿದ. “ನಾವ್ಯಾರೂ ಮನಸಿನ್ಯಾಗ ಹಂಗ ತಿಳಕೊಂಡಿದ್ದಿಲ್ಲ ಅತ್ತಿ,” ಎಂದ.

“ಹೌದ್ರಿ,” ನೀಲವ್ವ ಕೂಡಿಸಿದಳು. “ನಾ ಅಂತೂ ಏನೋ ಐತಿ, ಅವರದಲ್ಲ ಅಂತಿದ್ದೆ.”

“ನಿನ್ನ ತೋಳ ಮ್ಯಾಲ ಬೆಳದಾಂವ ನಾ. ನಾ ನಂಬತೇನೇನತ್ತಿ?” ದ್ಯಾಮಪ್ಪ ಹೇಳಿದ. ಅವನ ಕಾಲಿಗೆ ಮಣ್ಣು ಇನ್ನೂ ಹತ್ತಿತ್ತು.

ಈ ಮಾತುಗಳೆಲ್ಲ ಬಿಳಿ ಬಿಲ್ಲೆಯಂತೆ ಹೊಳೆಯುತ್ತ ಗೌರವ್ವನ ಮುಂದೆ ಒಂದೊಂದಾಗಿ ಕೂರುತ್ತಿದ್ದವು.

“ನಾ ನಂಬಿದ್ದೆ,” ಎಂದಳು ಜೋರಾಗಿ. “ನಾ ನಂಬಿದ್ದೆ ಅತ್ತಿ. ನಿಮ್ದ ಅಂತ ತಿಳದಿದ್ದೆ. ನಿಮ್ಮನ್ನ ಕಂಡ್ರ ನನಗ ಹೇಸಿಗಿ ಬರತಿತ್ತು. ನೀವು ನೀರ ಬಿಟ್ರಿ ಅಂತ ಗೊತ್ತಾದಾಗ ಚಲೋನ ಆತು ಅಂದಕೊಂಡೆ.”

“ವೈನಿ!” ಎಂದ ದ್ಯಾಮಪ್ಪ.

ಕಲ್ಲವ್ವ ತಲೆಯೆತ್ತಿ ಅವಳನ್ನು ನೋಡಿದಳು. ಎಲ್ಲರನ್ನೂ ಬಿಟ್ಟು ಅವಳೊಬ್ಬಳನ್ನೇ ನೋಡಿದಳು.

“ನನಗೂ ಹಂಗ ಅನಸಾಕತ್ತಿತ್ತವಾ,” ಎಂದಳು ನಿಧಾನವಾಗಿ. “ನಂದ ಇರಬೇಕು, ನನಗ ತಿಳಿವಲ್ದು ಅಂತ. ಎಷ್ಟ ದಿನ ಅಂತ ಒಬ್ಬಾಕಿನ ಅಲ್ಲ ಅನ್ನಲಿ? ಇವರೆಲ್ಲಾ ಹೋಗಲಿ. ನೀ ಒಂದ ಚರಿಗಿ ನೀರ ತಾ.”

ಅವಳು ನೀರನ್ನು ಎತ್ತಿ ಕುಡಿದಳು; ಗಂಟಲ ನರ ಏರಿ ಇಳಿಯುವುದನ್ನು ಗೌರವ್ವ ನಿಂತು ನೋಡಿದಳು. ಮತ್ತೊಂದು ಚರಿಗೆ ಬೇಡಿದಳು.

ಮರುದಿನದಿಂದ ಅಲ್ಲಾವುದ್ದೀನ ಕೆಲಸ ಹಿಡಿದ. ಈ ಸಲ ಅವಸರ ಮಾಡು ಅನ್ನಲು ಯಾರಿಗೂ ಬಾಯಿರಲಿಲ್ಲ. ಎದೆಮಟ್ಟ ಗೋಡೆ ಕೆಡವಿ, ಬುಡದಲ್ಲಿ ಮೊಳದಾಳ ಅಗೆದು ಕೊಳೆತ ಮಣ್ಣೆಲ್ಲ ತೆಗೆಸಿದ. ದ್ಯಾಮಪ್ಪನೇ ಬುಟ್ಟಿಯಲ್ಲಿ ಹೊತ್ತು ತಿಪ್ಪೆಗೆ ಹಾಕಿದ. ಆಳುಗಳನ್ನು ಕರೆಯಲು ಗೌರವ್ವ ಬಿಡಲಿಲ್ಲ. ಗುಡ್ಡದ ಕಲ್ಲಿನಿಂದ ಗೋಡೆ ಏರಿತು. ಒಳಗೆ ಶಾಬಾದಿ ಫರಸಿ ನಿಂತವು. ಹಿತ್ತಲಲ್ಲಿ ಗಾಣ ಹೂಡಿ ಎತ್ತು ತಿರುಗಿಸಿ ಬೆಲ್ಲದ ನೀರಿನಲ್ಲಿ ಗಚ್ಚು ಅರೆದರು. ಒಂದು ಕೈ ಹಚ್ಚಿ, ಅದು ಬಿಗಿದ ಮೇಲೆ ಇನ್ನೊಂದು ಕೈ. ಮೂರು ವಾರ ಗೋಣಿತಟ್ಟು ಹೊಚ್ಚಿ ನೀರು ಹೊಡೆದರು. ಎಳ್ಳಮಾಸಿ ಬಂದು ಹೋಯಿತು, ಸಂಕ್ರಾಂತಿಯೂ ಹೋಯಿತು. ಆ ಚಳಿಯಲ್ಲಿ ಮನೆಯವರೆಲ್ಲ ಹಿತ್ತಲ ತಡಿಕೆಯ ಹಿಂದೆ ಮೈ ತೊಳೆದರು. ನೀಲವ್ವ ಮೊದಲ ದಿನ ತವರಿಗೆ ಹೋಗುತ್ತೇನೆಂದಳು.

“ಹೋಗು,” ಎಂದಳು ಗೌರವ್ವ. “ನಿಮ್ಮಪ್ಪಗ ಬಚ್ಚಲದ ಬೆನ್ನಾಗ ಏನಿತ್ತು ಅನ್ನೂದನ್ನೂ ಹೇಳಿ ಬಾ.” ನೀಲವ್ವ ಹೋಗಲಿಲ್ಲ.

ಗಚ್ಚು ಆರಿದ ಮೇಲೆ ಅಲ್ಲಾವುದ್ದೀನ ಮೋರಿಗೆ ಅರಿವೆ ತುರುಕಿ ಬಚ್ಚಲಲ್ಲಿ ಗೇಣು ನೀರು ನಿಲ್ಲಿಸಿದ. ಮೂರು ದಿನ ನೀರು ನಿಂತಲ್ಲೇ ನಿಂತಿತು. ಆಚೆ ಕೋಣೆಯ ಗೋಡೆಗೆ ಅವನು ಅಂಗೈ ಹಚ್ಚಿ, ಕೆನ್ನೆ ಹಚ್ಚಿ ನೋಡಿ, “ಈಗ ಬಿಲ್ಲಿ ಹಚ್ಚಬಹುದ್ರಿ,” ಎಂದ. ಅಲ್ಲಿಗೆ ಎಲ್ಲ ಮುಗಿಯಿತೆಂದು ಗುರುಸಂಗಪ್ಪ ಮತ್ತೆ ಅಕ್ಕನ ಮುಂದೆ ಹೋಗಿ ನಿಂತ.

“ಈಗರೆ ಬಾರಕ್ಕಾ. ಗ್ವಾಡಿ ಕಲ್ಲಾಗೈತಿ.”

ಕಲ್ಲವ್ವ ಆ ತಿಂಗಳೊಪ್ಪತ್ತಿನಲ್ಲಿ ಸ್ವಲ್ಪ ತುಂಬಿಕೊಂಡಿದ್ದಳು. ದನಿಗೂ ಬಲ ಬಂದಿತ್ತು.

“ಗೌಂಡಿ ಮಾತ ನಿಮಗ ಸಾಕು, ನನಗ ಸಾಲೂದಿಲ್ಲ. ನಿನ್ನ ಸಣ್ಣ ಮಗ ಹದಿನೈದ ದಿನ ಅಲ್ಲಿ ಮಲಗಲಿ. ನನ್ನ ಚಾಪಿ ಇದ್ದ ಜಾಗಾದಾಗ. ನೀವೆಲ್ಲಾ ಮೊದಲಿನಂಗ ಬಚ್ಚಲಾ ಬಳಸ್ರಿ. ದಿನಾ ಮುಂಜಾನೆ ನಾ ಬಂದು ಅವನ ಹಾಸಗಿ ಮುಟ್ಟಿ ನೋಡತೇನಿ. ಒಣಗಿತ್ತಂದ್ರ ಬರತೇನಿ.”

“ಅಪ್ಪಾ, ಊರ ಮಂದಿ ಏನಂದಾರು!” ದ್ಯಾಮಪ್ಪ ಕೂಗಿದ. “ಸಾವ್ಕಾರನ ಮಗ ಮುದುಕಿ ಕೋಣ್ಯಾಗ…”

“ಮಲಗು,” ಎಂದ ಗುರುಸಂಗಪ್ಪ. ಈ ವಿಷಯದಲ್ಲಿ ಅವನು ತಾನಾಗಿ ಆಡಿದ ಮೊದಲ ಗಟ್ಟಿ ಮಾತು ಅದು.

ದ್ಯಾಮಪ್ಪ ಮಲಗಿದ. ದಿನವೂ ಹೊತ್ತು ಹುಟ್ಟುವುದಕ್ಕೆ ಕಲ್ಲವ್ವ ಕೋಲೂರಿಕೊಂಡು ಬರುವಳು. ಅವನು ಎದ್ದು ಬಾಗಿಲ ಬದಿಗೆ ನಿಲ್ಲುವನು. ಅವಳು ಬಗ್ಗಿ ಹಾಸಿಗೆಯ ಮೇಲ್ಮಗ್ಗುಲು, ಕೆಳಮಗ್ಗುಲು, ನಾಲ್ಕೂ ಮೂಲೆ ಮುಟ್ಟುವಳು, ಕೈ ಮೂಸುವಳು, ಏನೂ ಅನ್ನದೆ ಹೊಟ್ಟಿನ ಕೋಣೆಗೆ ಹಿಂತಿರುಗುವಳು. ಅಡಿಗೆಮನೆಯಿಂದ ನೀಲವ್ವ, ಪಡಸಾಲೆಯಿಂದ ಆಳುಗಳು, ಹಾಲು ಕೊಡಲು ಬಂದವರು ನೋಡುತ್ತಿದ್ದರು. ಮೊದಲ ದಿನಗಳಲ್ಲಿ ದ್ಯಾಮಪ್ಪ ಗೊಣಗುತ್ತಿದ್ದ. ಎಂಟು ದಿನದ ಮೇಲೆ ಸುಮ್ಮನೆ ತಲೆ ತಗ್ಗಿಸಿ ನಿಲ್ಲತೊಡಗಿದ. ಅವಳ ಕೈ ತನ್ನ ಹಾಸಿಗೆಯ ಮೇಲೆ ಹರಿದಾಡುವಾಗ ಅವನು ಉಸಿರು ಬಿಗಿಹಿಡಿಯುವುದನ್ನು ಗೌರವ್ವ ಕಂಡಳು. ತಾನು ತಪ್ಪು ಮಾಡಿಲ್ಲವೆಂದು ಗೊತ್ತಿದ್ದೂ, ಎಲ್ಲಿ ಹಸಿಯಾಗಿದೆಯೋ ಎಂದು ಅಂಜುವ ಮುಖ. ಆ ಮುಖವನ್ನು ಅವಳು ಮೊದಲೂ ಅದೇ ಕೋಣೆಯಲ್ಲಿ ನೋಡಿದ್ದಳು.

ಹದಿನಾರನೆಯ ಮುಂಜಾನೆ ಕಲ್ಲವ್ವ ಎಂದಿಗಿಂತ ಹೆಚ್ಚು ಹೊತ್ತು ಮುಟ್ಟಿ ನೋಡಿದಳು. ಕೌದಿಯನ್ನು ಎತ್ತಿ ಮೂಗಿಗೆ ಹಿಡಿದಳು. ಬಾಗಿಲಲ್ಲಿ ಮನೆಯವರೆಲ್ಲ ನಿಂತಿದ್ದರು.

“ಒಣಗೇತಿ,” ಎಂದಳು.

ಗುರುಸಂಗಪ್ಪ ನಿಟ್ಟುಸಿರು ಬಿಟ್ಟ. ಅವಳು ಕೌದಿಯನ್ನು ಎರಡು ಬೆರಳಿನಲ್ಲಿ ಹಿಡಿದು, ಮೈಗೆ ತಾಗದ ಹಾಗೆ ದೂರ ಚಾಚಿ, ದ್ಯಾಮಪ್ಪನ ಕೈಗೆ ಕೊಟ್ಟಳು.

“ಆದ್ರ ನಿನ್ನ ವಾಸನಿ ಹತ್ತೇತಿ. ಒಗದ ಹಾಕು. ನೀನ ಒಗಿ, ಗೌರಾನ ಕೈಗೆ ಕೊಡಬ್ಯಾಡ. ಅದು ಒಣಗಿದ ಮ್ಯಾಲ ನಾ ಬರತೇನಿ.”